ಹನ್ನೊಂದು ಸುತ್ತು

ಶಿವನ ಜಡೆಯಿಂದ ವೀರಭದ್ರ ಹುಟ್ಟಿದ ಕಥೆಯನ್ನು ನಾನು ಮೊದಲು ಕೇಳಿದ್ದು ತೊಟ್ಟಿಲಲ್ಲಿ ಮಲಗಿದ್ದಾಗ. ಪಲ್ಪ್‌ವುಡ್ ಸಂಡೇ ಎಂಬ ಅಮೆರಿಕದ ರಾಕ್ ಬ್ಯಾಂಡು ಹುಟ್ಟಿದ ಕಥೆಯನ್ನು ಕೇಳಿದ್ದು ಐವತ್ತನೆಯ ವಯಸ್ಸಿನಲ್ಲಿ, ಗೋಪಾಳದ ನಮ್ಮ ಮನೆಯ ಅಡುಗೆಮನೆಯಲ್ಲಿ, ಅವರೆಕಾಯಿ ಸುಲಿಯುತ್ತ. ಈ ಎರಡು ಕಥೆಗಳು ಎಲ್ಲೋ ಒಂದು ಕಡೆ ಕೂಡುತ್ತವೆ ಎಂದು ಅದಕ್ಕೆ ಮುಂಚೆ ಯಾರಾದರೂ ಹೇಳಿದ್ದರೆ ನಕ್ಕು ಇನ್ನೊಂದು ಕಾಯಿ ಸುಲಿಯುತ್ತಿದ್ದೆ.

ನನ್ನ ಮಗಳು ಸುಶ್ಮಿತಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾಳೆ. ಬಿಡುವಾದಾಗ ಹೊರಗಿನ ಸದ್ದು ಬೀಳದಂತೆ ಬೀರುವಿನ ಮುಂದೆ ರಜಾಯಿ ಹೊದ್ದು ಕೂತು, ಹೊರದೇಶದ ಬ್ಯಾಂಡುಗಳ ಚರಿತ್ರೆಯನ್ನು ಕನ್ನಡದಲ್ಲಿ ಹೇಳಿ, ಮೊಬೈಲಿನಲ್ಲಿ ಹಿಡಿದು, ಪಾಡ್‌ಕಾಸ್ಟ್ ಎಂದು ಹಾಕುತ್ತಾಳೆ. ಕೇಳುವವರು ಮುನ್ನೂರು ಜನ ಇದ್ದಾರಂತೆ. ಹಾಕುವ ಮುಂಚೆ ನನ್ನ ಮುಂದೆ ಒಮ್ಮೆ ಹೇಳುವುದು ರೂಢಿ. ನಮ್ಮಪ್ಪ ಈಶ್ವರಪ್ಪ ಪುರವಂತರು. ವೀರಭದ್ರನ ಒಕ್ಕಲಿನ ಮನೆಗಳಲ್ಲಿ ಗುಗ್ಗಳ, ಎಂದರೆ ಉರಿಯುವ ಕೊಡದ ಮೆರವಣಿಗೆ, ನಡೆದಾಗ ಕೈಯಲ್ಲಿ ಕತ್ತಿ ಹಿಡಿದು ಒಡಪು, ಎಂದರೆ ದೇವರ ಕಥೆಯ ಸಾಲುಗಳನ್ನು, ಹೇಳುತ್ತಿದ್ದವರು. ಅವರ ಮಗಳಿಗೆ ಕಥೆ ಹೇಳುವುದು ಗೊತ್ತು ಎಂಬುದು ಸುಶ್ಮಿತಾಳ ನಂಬಿಕೆ.

"ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ವಿಸ್ಕಾನ್ಸಿನ್ ರಾಜ್ಯದ..." ಎಂದು ಶುರು ಮಾಡಿದಳು.

"ಇಸವಿಯಿಂದ ಶುರು ಮಾಡ್ಬೇಡ ಮಾರಾಯ್ತಿ. ಮುನ್ಸಿಪಾಲ್ಟಿ ನೋಟೀಸ್ ಓದಿದಂಗಿರುತ್ತೆ. ಆ ಊರಲ್ಲಿ ಹೊಳೆ ಇದೆಯಾ?"

"ಇದೆ."

"ಹಂಗಾದ್ರೆ ಹೊಳೆಯಿಂದ ಬಾ."

ಅವಳು ಹೊಳೆಯಿಂದ ಬಂದಳು. ಹೊಳೆಯ ದಡದಲ್ಲಿ ಒಂದು ಕಾಗದದ ಗಿರಣಿ. ಗಿರಣಿಯ ಸುತ್ತ ಕೆಲಸಗಾರರ ಮನೆಗಳು. ಇಡೀ ಊರಿಗೆ ಬೇಯಿಸಿದ ಮರದ ತಿರುಳಿನ ನಾತ. ಭಾನುವಾರ ಮಾತ್ರ ಗಿರಣಿ ನಿಂತು ಗಾಳಿ ಶುದ್ಧವಾಗುತ್ತಿತ್ತಂತೆ. ಆ ಭಾನುವಾರಗಳಲ್ಲಿ ನಾಲ್ಕು ಹುಡುಗರು ಚರ್ಚಿನ ನೆಲಮಾಳಿಗೆಯಲ್ಲಿ ಸೇರಿ ಬಾರಿಸುತ್ತಿದ್ದರು. ಬ್ಯಾಂಡಿನ ಹೆಸರು ಬಂದಿದ್ದೇ ಹಾಗೆ. ಮೊದಲ ಆಲ್ಬಮ್ಮನ್ನು ಅವರ ನೆಂಟರು ಬಿಟ್ಟು ಯಾರೂ ಕೊಳ್ಳಲಿಲ್ಲ. ಎರಡನೆಯದರಲ್ಲಿ 'ಇಲೆವೆನ್' ಎಂಬ ಹಾಡಿತ್ತು. ಅದೊಂದು ಹಾಡು ಅವರನ್ನು ಎತ್ತಿ ಆಕಾಶದಲ್ಲಿ ಕೂರಿಸಿತು. ಐವತ್ತು ಸಾವಿರ ಜನ ಸೇರುವ ಮೈದಾನಗಳು, ಬಹುಮಾನವಾಗಿ ಬಂದ ಬಂಗಾರದ ರೆಕಾರ್ಡುಗಳು, ವಿಮಾನ. ಆಮೇಲೆ ಹಾಡುವವನಿಗೂ ಗಿಟಾರಿನವನಿಗೂ ಮಾತು ನಿಂತಿತು. ಒಂದೇ ಬಸ್ಸಿನಲ್ಲಿ ಕೂತು ಚೀಟಿ ಬರೆದು ಕಳಿಸಿಕೊಳ್ಳುತ್ತಿದ್ದರಂತೆ. ಕುಡಿತ ಬಂತು. ಒಬ್ಬ ಅಪಘಾತದಲ್ಲಿ ತೀರಿಕೊಂಡ. ಬ್ಯಾಂಡಿನ ಹೆಸರು ಯಾರದೆಂದು ಕೋರ್ಟಿಗೆ ಹೋದರು. ಹತ್ತು ವರ್ಷ ಬೇರೆ ಇದ್ದು, ತಲೆ ನರೆತ ಮೇಲೆ ಮತ್ತೆ ಕೂಡಿದರು. ಹೋದ ವರ್ಷ ಅದೇ ಹೊಳೆಯ ಊರಿನಲ್ಲಿ ಕೊನೆಯ ಕಛೇರಿ ಮಾಡಿ ಕೈಮುಗಿದರು.

"ಪಾಂಡವರ ಕಥೆ ಇದ್ದಂಗಿದೆ. ಅವರಿಗೆ ಗಿಟಾರಿರಲಿಲ್ಲ ಅಷ್ಟೆ," ಎಂದೆ.

"ಈಗ ಅಸಲು ವಿಷಯ ಕೇಳಮ್ಮ." ಸುಶ್ಮಿತಾಳ ಕಣ್ಣು ಹೊಳೆಯುತ್ತಿತ್ತು, ಇಷ್ಟು ಹೊತ್ತು ಅದನ್ನೇ ಬಚ್ಚಿಟ್ಟುಕೊಂಡು ಕೂತಿದ್ದಳು. "ಇಲೆವೆನ್ ಹಾಡಲ್ಲಿ ಒಂದು ಡ್ರಮ್ ಇದೆ. ಒಂದೇ ವರಸೆ ಹನ್ನೊಂದು ಸಲ ಸುತ್ತಿ ಬರುತ್ತೆ. ಯಾಕೆ ಹನ್ನೊಂದು, ಎಂಟೋ ಹದಿನಾರೋ ಯಾಕಲ್ಲ ಅಂತ ಪ್ರೊಫೆಸರ್‌ಗಳು ಲೇಖನ ಬರ್ದಿದಾರೆ. ಈ ವರ್ಷ ಮೂವತ್ತೈದು ವರ್ಷ ಆಯ್ತು ಅಂತ ಆಲ್ಬಮ್ಮನ್ನ ಮತ್ತೆ ತಂದಿದಾರೆ. ಜೊತೆಗೆ ಆ ಡ್ರಮ್ಮಿನ ಮೂಲ ಕ್ಯಾಸೆಟ್ಟನ್ನೂ ಹಾಕಿದಾರೆ. ಅದರ ಹೆಸರೇನು ಗೊತ್ತಾ? ಭದ್ರಾವತಿ ಟೇಪ್. ನಮ್ಮ ಭದ್ರಾವತಿ ಅಮ್ಮ!"

ನನ್ನ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. "ಆ ಡ್ರಮ್ಮಿನವನ ಹೆಸರೇನು?"

"ಡ್ಯಾನಿಯಲ್. ಅವನಪ್ಪ ಗಿರಣಿಯ ಇಂಜಿನಿಯರ್. ಎಂಬತ್ತಮೂರರಲ್ಲಿ ಯಂತ್ರ ಕೂರ್ಸೋಕೆ ಇಲ್ಲಿಗೆ ಬಂದಾಗ..."

"ದಾನಪ್ಪ," ಎಂದೆ.

ನಾನು ಚಿಕ್ಕವಳಿದ್ದಾಗ ನಾವಿದ್ದ, ಭದ್ರಾವತಿಯ ಕಾಗದದ ಗಿರಣಿಯ ಕಾಗದನಗರ ಕ್ವಾರ್ಟರ್ಸಿನಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ಹದಿನಾರು ವರ್ಷದ, ಬಿಸಿಲಿಗೆ ಸುಟ್ಟು ಕೆಂಪಾದ ಮೂಗಿನ ಹುಡುಗ. ಹೆಗಲಿಗೆ ಕ್ಯಾಸೆಟ್ ಯಂತ್ರ ನೇತುಹಾಕಿಕೊಂಡು ಮಸೀದಿಯ ಕೂಗು, ಗಿರಣಿಯ ಸೈರನ್ನು, ತಮಿಳು ಹೆಂಗಸರ ನಲ್ಲಿ ಜಗಳ, ಎಲ್ಲವನ್ನೂ ಹಿಡಿದುಕೊಳ್ಳುತ್ತಿದ್ದ. ನಮ್ಮಮ್ಮ ಅವನಿಗೆ ಕಡುಬು ಕೊಟ್ಟಿದ್ದಳು. ಅದರ ಶಬ್ದ ಹಿಡಿಯಲಿಕ್ಕಾಗುವುದಿಲ್ಲ ಎಂದು ಅವನು ಬೇಸರ ಮಾಡಿಕೊಂಡಿದ್ದ.

"ಅಜ್ಜಿ ಪಕ್ಕದ ಕೋಣೇಲಿ ಮಲಗಿದಾರೆ. ಇಯರ್‌ಫೋನ್ ಹಾಕ್ಕೊಂಡು ಕೇಳು," ಎಂದು ಸುಶ್ಮಿತಾ ಹಾಡು ಹಾಕಿದಳು.

ಮೊದಲ ಪೆಟ್ಟಿಗೇ ನನಗೆ ಗುರುತು ಹತ್ತಿತು. ಅದು ಡ್ರಮ್ಮಲ್ಲ, ಸಮಾಳ. ಸೊಂಟಕ್ಕೆ ಕಟ್ಟುವ ಜೋಡಿ ವಾದ್ಯ; ಒಂದು ಗುಮ್ಮೆನ್ನುತ್ತದೆ, ಇನ್ನೊಂದು ಚಟ್ಟನೆ ಉತ್ತರ ಕೊಡುತ್ತದೆ. ಗುಗ್ಗಳದಲ್ಲಿ ಒಡಪಿನ ಒಂದು ಸಾಲು ಮುಗಿದ ಮೇಲೆ ಮೂರು ಸುತ್ತು ಬಾರಿಸಿ ನಿಲ್ಲಿಸಬೇಕು, ಪುರವಂತ ಮುಂದಿನ ಸಾಲು ಎತ್ತಿಕೊಳ್ಳಬೇಕು. ಇಲ್ಲಿ ಮೂರಾಯಿತು, ನಿಲ್ಲಲಿಲ್ಲ. ಐದಾಯಿತು. ಏಳಾಯಿತು. ಎಲ್ಲೋ ಹಿಂದೆ ಒಂದು ಮಗು ಅಳುತ್ತಿತ್ತು. ಹನ್ನೊಂದನೆಯ ಸುತ್ತಿಗೆ ಒಬ್ಬ ಗಂಡಸು "ನಿಲ್ಸೋ" ಎಂದು ಕೂಗಿದ. ಕೂಡಲೇ ಗಿಟಾರುಗಳೆಲ್ಲ ಮೈಮೇಲೆ ಬಿದ್ದವು.

ಅದು ನನ್ನಪ್ಪನ ದನಿ. ಅಪ್ಪ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

"ಆ ಕೂಗು ಬಂದಾಗ ಇಡೀ ಮೈದಾನ ಒಟ್ಟಿಗೆ ಕೂಗುತ್ತೆ ಅಮ್ಮ. ನಿಲ್ಸೂ ಅಂತ. ಟೀ ಶರ್ಟಲ್ಲೂ ಹಾಕ್ಕೊಂಡಿದಾರೆ. ನಾನೂ ಇಷ್ಟು ದಿನ ಏನೋ ಸುಮ್ನೆ ಕೂಗು ಅಂದ್ಕೊಂಡಿದ್ದೆ." ನನ್ನ ಮುಖ ನೋಡಿ ಅವಳ ನಗು ಅರ್ಧಕ್ಕೇ ನಿಂತಿತು. "ಅಮ್ಮ? ಯಾಕಮ್ಮ?"

ನಾನು ಹೇಳಲೇಬೇಕಾಯಿತು. ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಥೆ ಅದು.

ನನಗೊಬ್ಬ ತಮ್ಮನಿದ್ದ, ವೀರೇಂದ್ರ. ಒಂಬತ್ತು ತಿಂಗಳಾದಾಗ ಅವನ ಜವಳ, ಎಂದರೆ ಮೊದಲ ಕೂದಲು ತೆಗೆಸುವ ಶಾಸ್ತ್ರ, ಗೊತ್ತುಮಾಡಿ, ಅದಕ್ಕೆ ಕ್ವಾರ್ಟರ್ಸಿನ ಬೀದಿಯಲ್ಲಿ ಗುಗ್ಗಳ ತೆಗೆದರು. ಪುರವಂತ ತನ್ನ ಮನೆಯ ಗುಗ್ಗಳಕ್ಕೆ ತಾನೇ ಒಡಪು ಹೇಳಬಾರದೆಂದು ನಮ್ಮವರಲ್ಲಿ ಒಂದು ಕಟ್ಟಳೆ. ಬೇರೆ ಊರಿನವರನ್ನು ಕರೆಸಬೇಕು. ಅಪ್ಪ ಕೇಳಲಿಲ್ಲ. "ಊರಿನ ಮಕ್ಕಳಿಗೆಲ್ಲ ಹೇಳಿದೀನಿ, ನನ್ನ ಮಗನಿಗೆ ಇನ್ಯಾರೋ ಹೇಳ್ಬೇಕಾ?" ಎಂದ. ಸಮಾಳ ಬಾರಿಸಿದ್ದು ನನ್ನ ಸೋದರಮಾವ ಷಡಕ್ಷರಪ್ಪ, ಅಮ್ಮನ ಒಬ್ಬನೇ ತಮ್ಮ. ನಡುಬೀದಿಯಲ್ಲಿ, ಗುಗ್ಗಳದ ಕೊಡ ಉರಿಯುತ್ತಿರುವಾಗ, ಮಾವ ಸುತ್ತಿನ ಮೇಲೆ ಸುತ್ತು ಬಾರಿಸಿ ಒಡಪಿಗೆ ಎಡೆಯನ್ನೇ ಕೊಡಲಿಲ್ಲ. ಕೊನೆಗೆ ನಡುವೆಯೇ ಕೈಬಿಟ್ಟರು. ಒಡಪು ಮುರಿಯಿತು. "ಲೆಕ್ಕ ತಪ್ಪಿತು, ನನ್ನದೇ ತಪ್ಪು" ಎಂದು ಮಾವ ಹಿರಿಯರ ಮುಂದೆ ಅಡ್ಡಬಿದ್ದರು. ಇನ್ನು ಸಮಾಳ ಮುಟ್ಟಕೂಡದೆಂದು ಹಿರಿಯರು ಹೇಳಿದರು. ಸಮಾಳವನ್ನು ಗುಡಿಗೆ ಒಪ್ಪಿಸಿ ಮಾವ ಬರಿಗೈಯಲ್ಲಿ ನಡೆದರು.

ಮೂರು ತಿಂಗಳಿಗೆ ವೀರೇಂದ್ರ ಜ್ವರ ಬಂದು ಹೋದ. ಗುಗ್ಗಳ ಮುರಿದದ್ದಕ್ಕೇ ಹೋದ ಎಂದು ಅಮ್ಮ ನಂಬಿದಳು. ತಮ್ಮ ತನ್ನ ಹೊಸ್ತಿಲು ತುಳಿಯಕೂಡದು ಎಂದಳು. ನಲವತ್ತೊಂದು ವರ್ಷ ತುಳಿದಿಲ್ಲ. ಮದುವೆ ಮನೆಗಳಲ್ಲಿ ನಾನೂ ಮಾವನೂ ದೂರದಿಂದ ತಲೆಯಾಡಿಸುತ್ತಿದ್ದೆವು, ಅಷ್ಟೆ.

ಸುಶ್ಮಿತಾ ಮೊಬೈಲನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಮೆಲ್ಲಗೆ, "ಪೂರ್ತಿ ಟೇಪ್ ಏಳು ನಿಮಿಷ ಇದೆ. ನಾನು ಮೊದಲ ಒಂದು ನಿಮಿಷ ಮಾತ್ರ ಕೇಳಿದ್ದು. ಹಾಕ್ಲಾ?" ಎಂದಳು.

ಹಾಕಿದಳು. ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೂ ಸಿಕ್ಕಿಸಿಕೊಂಡಳು. ಓಲಗದ ದನಿ. ಹೆಂಗಸರ ಗಲಗಲ. "ಜಯಾ, ಕರ್ಪೂರ ತಗೊಂಬಾರೇ" ಎಂದು ಯಾರೋ ಪ್ರಾಯದ ಹೆಂಗಸು ನನ್ನನ್ನೇ ಕರೆದಳು, ನಾನು ಕೂತಲ್ಲೇ ಏಳಲು ಹೋದೆ. ಅದು ಅಮ್ಮ, ಮೂವತ್ತೈದು ವರ್ಷದ ಅಮ್ಮ. ಆಮೇಲೆ ಅಪ್ಪನ ಕಂಠ, ಕಂಚು ಬಡಿದ ಹಾಗೆ: "ಜಡೆಯ ಕಿತ್ತು ಶಿವನು ನೆಲಕ್ಕೆ ಬಡಿದನಯ್ಯಾ, ನೆಲ ಬಿರಿದು ಉರಿಯೊಂದು ಎದ್ದು ನಿಂತಿತಯ್ಯಾ!" ಸಮಾಳ ಎದ್ದಿತು. ಒಂದು, ಎರಡು, ಮೂರು. ಮೂರರ ಕೊನೆಗೆ ಕೋಲು ಸರಿಯಾಗಿ ನಿಂತಿತು. ಅಪ್ಪನ ದನಿ ಬರಬೇಕಿತ್ತು, ಬರಲಿಲ್ಲ. ಮಗು ಅತ್ತಿತು. ಒಂದು ಉಸಿರಿನಷ್ಟು ಕಾದು ಸಮಾಳ ಮತ್ತೆ ಹೊರಟಿತು. ದಾನಪ್ಪ ಹಾಡಿಗೆ ತೆಗೆದುಕೊಂಡದ್ದು ಇಲ್ಲಿಂದ. ಆ ಹನ್ನೊಂದು ಸುತ್ತು ಈಗ ಬೇರೆಯೇ ಕೇಳಿಸಿತು. ಬಾಗಿಲಲ್ಲಿ ನಿಂತು, ಬಾ, ಬಾ, ಪರವಾಗಿಲ್ಲ ಬಾ ಎಂದು ಯಾರೋ ಕೈ ಚಾಚಿದ ಹಾಗಿತ್ತು.

ಹನ್ನೊಂದನೆಯ ಸುತ್ತಿನ ಅಡಿಯಲ್ಲೇ ಅಪ್ಪ, ಯಂತ್ರದ ತೀರ ಹತ್ತಿರ, ಹಾಡಿನಲ್ಲಿ ನನಗೆ ಕೇಳಿಸದೆ ಹೋಗಿದ್ದ ನಡುಗುವ ಪಿಸುದನಿಯಲ್ಲಿ: "ಷಡಕ್ಷರಿ... ಮುಂದಿಂದು ಹೋಯ್ತು ಕಣೋ. ಕೂಸಿನ ಮುಖ ನೋಡ್ದೆ, ಹೋಯ್ತು. ಬರ್ತಿಲ್ಲ." ಮತ್ತೆ, ತಡೆಯಲಾರದೆ ಜೋರಾಗಿ: "ನಿಲ್ಸೋ!"

ಸಮಾಳ ನಿಂತಿತು. ಜನರ ಗದ್ದಲ ಏಳುವ ಮುಂಚಿನ ಒಂದು ಗಳಿಗೆಯಲ್ಲಿ ಇನ್ನೊಂದು ದನಿ, ಎಳೆಯ ದನಿ, ಆತುರಾತುರವಾಗಿ: "ಸುಮ್ನಿರಿ ಭಾವ. ನೀವು ಬಾಯಿ ಬಿಡ್ಬೇಡಿ. ನಾನು ತಪ್ಪಿದೆ ಅಂತೀನಿ."

ಇಯರ್‌ಫೋನನ್ನು ಕಿವಿಯಿಂದ ತೆಗೆಯಬೇಕೆಂಬುದೂ ನನಗೆ ತೋಚಲಿಲ್ಲ. ಮೂವತ್ತೈದು ವರ್ಷ ಈ ಭೂಮಿಯ ಮೇಲೆ ಎಷ್ಟು ಲಕ್ಷ ಜನ, ಕಾರಿನಲ್ಲಿ, ಮೈದಾನದಲ್ಲಿ, ಹೋಟೆಲಿನಲ್ಲಿ, ನನ್ನಪ್ಪ ಒಡಪು ಮರೆತು ನಿಂತ ಗಳಿಗೆಯನ್ನು ಕೇಳಿ ಕುಣಿದಿದ್ದಾರೆ. ಗುಟ್ಟು ಎಲ್ಲರ ಕಿವಿಯಲ್ಲೂ ಇತ್ತು. ಇಲ್ಲದಿದ್ದದ್ದು ಪಕ್ಕದ ಕೋಣೆಯಲ್ಲಿ ಮಲಗಿದ್ದ ಒಬ್ಬಳ ಕಿವಿಯಲ್ಲಿ.

ಮರುದಿನ ಬೆಳಿಗ್ಗೆ ಅಮ್ಮನಿಗೆ ಬೇರೆ ಏನೋ ಹೇಳಿ ಭದ್ರಾವತಿ ಬಸ್ಸು ಹತ್ತಿದೆ. ಜನ್ನಾಪುರದಲ್ಲಿ ಮಾವನದೊಂದು ಝೆರಾಕ್ಸ್ ಅಂಗಡಿ ಇದೆ. ಗಿರಣಿಯಲ್ಲಿ ಕಾಗದ ಕತ್ತರಿಸುತ್ತಿದ್ದವರು ಈಗ ಅದೇ ಅಳತೆಯ ಕಾಗದವನ್ನು ಯಂತ್ರಕ್ಕೆ ತುಂಬುತ್ತಾರೆ. ನನ್ನನ್ನು ಕಂಡು ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟರು.

"ಜಯಶೀಲಾ? ಅಕ್ಕ... ಅಕ್ಕಂಗೇನಾಯ್ತು?"

"ಅಮ್ಮ ಚೆನ್ನಾಗಿದಾಳೆ ಮಾವ. ಇದನ್ನ ಕೇಳಿ."

ಕೇಳಿದರು. ಎಪ್ಪತ್ತು ವರ್ಷದ ಆ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ. ತಮ್ಮದೇ ದನಿ ಬರುವ ಜಾಗ ಬಂದಾಗ ಮಾತ್ರ, ಬಿಸಿ ಮುಟ್ಟಿದವರ ಹಾಗೆ ಇಯರ್‌ಫೋನ್ ಕಿತ್ತು ಮೇಜಿನ ಮೇಲೆ ಇಟ್ಟು, ಅದನ್ನೇ ನೋಡುತ್ತ ಕೂತರು.

"ಆ ದಾನಪ್ಪ ನನ್ನ ಸೊಂಟಕ್ಕೇ ಅಂಟಿಕೊಂಡು ನಿಂತಿದ್ದ. ಮಷೀನು ಹಿಡ್ಕೊಂಡು," ಎಂದರು ಕೊನೆಗೆ. "ದೇವರು ಕೇಳ್ತಾನೆ ಅಂತ ಗೊತ್ತಿತ್ತು. ಇವನೂ ಕೇಳ್ತಿದಾನೆ ಅಂತ ಗೊತ್ತಿರ್ಲಿಲ್ಲ."

"ಇದನ್ನ ಹಾಡು ಮಾಡಿದಾರೆ ಮಾವ. ಇಡೀ ಪ್ರಪಂಚಕ್ಕೆ ಗೊತ್ತಿರೋ ಹಾಡು. ನಿಮ್ಮ ಬಗ್ಗೆ ದಾನಪ್ಪ, ಆ ಆಲ್ಬಮ್ ಜೊತೆ ಬಂದ ಪುಸ್ತಕದಲ್ಲಿ, 'ನಾನು ಕೇಳಿದ ವಾದ್ಯಗಾರರಲ್ಲೇ ಅತ್ಯಂತ ಖುಷಿಯಾಗಿ ಬಾರಿಸಿದವನು' ಅಂತ ಬರ್ದಿದಾನೆ."

"ಖುಷಿನಾ?" ಮಾವ ಬಾಯಿ ತೆರೆದು ನನ್ನನ್ನು ನೋಡಿದರು. "ಖುಷಿ ಅಂತಾನಾ? ಒಂದೊಂದು ಸುತ್ತಿಗೂ ನನ್ನ ಜೀವ ಹೋಗ್ತಿತ್ತು ಮಾರಾಯ್ತಿ! ಈಗ ಬರುತ್ತೆ, ಈಗ ಬರುತ್ತೆ ಅಂತ ಭಾವನ ತುಟಿ ನೋಡ್ಕೊಂಡು..." ನಗಲು ಹೋದರು, ನಗು ಬರಲಿಲ್ಲ. "ಪುರವಂತ ಒಡಪು ಮರೆತ ಅಂದ್ರೆ ಕತ್ತಿ ಕೆಳಗಿಡಿಸ್ತಿದ್ರು, ಮನೆತನದ ಪುರವಂತಿಕೆನೇ ಹೋಗ್ತಿತ್ತು. ವಾದ್ಯದವನು ತಪ್ಪಿದ ಅಂದ್ರೆ ವಾದ್ಯ ಹೋಗುತ್ತೆ, ಅಷ್ಟೆ. ಆ ಗಳಿಗೇಲಿ ಅಷ್ಟೇ ಹೊಳೆದದ್ದು. ಕೂಸು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಆಮೇಲಾದ್ರೂ ಹೇಳ್ಬಹುದಿತ್ತು."

"ಆಮೇಲೆ ಹೇಳೋದಾ? ಭಾವ ಎರಡು ಸಲ ಹೊರಟ್ರು, ಅಕ್ಕಂಗೆ ಹೇಳೇ ಬಿಡ್ತೀನಿ ಅಂತ. ಕಾಲು ಹಿಡಿದು ನಿಲ್ಸಿದೀನಿ. ಕೂಸು ಹೋಗಿದ್ದು ನನ್ನಿಂದ ಅಂತ ಅಕ್ಕ ನಂಬಿದ್ಲು. ನಿಜ ಗೊತ್ತಾದ್ರೆ ಗಂಡನಿಂದ ಅಂತ ನಂಬ್ತಿದ್ಲು. ತಮ್ಮನ ಮುಖ ನೋಡ್ದೆ ಬದುಕಬಹುದು. ಗಂಡನಿಗೆ ದಿನಾ ಅನ್ನ ಹಾಕ್ಬೇಕಲ್ಲ, ಹೆಂಗೆ ಹಾಕ್ತಿದ್ಲು?"

ಆ ದಿನದಿಂದ ಅಪ್ಪ ಕತ್ತಿ ಹಿಡಿದದ್ದನ್ನು ನಾನು ನೋಡಲಿಲ್ಲ. ಮಗ ಹೋದ ದುಃಖಕ್ಕೆ ಒಡಪು ಬಿಟ್ಟ ಎಂದುಕೊಂಡಿದ್ದೆವು.

"ಅಕ್ಕಂಗೆ ಕೇಳಿಸ್ಬೇಡ ಜಯಾ," ಎಂದು ಮಾವ ನನ್ನ ಮೊಬೈಲನ್ನು ನನ್ನ ಕಡೆಗೆ ತಳ್ಳಿದರು. "ಅಮೆರಿಕದೋರು ಕೇಳ್ಲಿ. ಅವರಿಗೇನು ಗೊತ್ತಾಗಲ್ಲ."

ಬಸ್ಸಿನಲ್ಲಿ ಬರುವಾಗ ಹೇಳಬಾರದೆಂದೇ ನಿಶ್ಚಯಿಸಿದ್ದೆ. ಒಬ್ಬ ಮನುಷ್ಯ ಇಡೀ ಆಯುಷ್ಯ ಹೊತ್ತದ್ದನ್ನು ಇಳಿಸಲು ನಾನು ಯಾರು?

ಸಂಜೆ ಅಮ್ಮ ದೀಪ ಹಚ್ಚಿದಳು. ಅಮ್ಮ, ಎಂದರೆ ಮಾಸ್ತಮ್ಮ, ನಮ್ಮ ಬೀದಿಗೆ ಗಡಿಯಾರವಿದ್ದಂತೆ. ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಮನೆಮಂದಿಯ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಕಾಯಪ್ಪಾ ಎನ್ನುತ್ತಾಳೆ. ಸತ್ತವರದು ಮೊದಲು, ಇದ್ದವರದು ಆಮೇಲೆ. ನಾನು ಹುಟ್ಟಿದಾಗಿನಿಂದ ಕೇಳಿದ ಪಟ್ಟಿ ಅದು. ತನ್ನ ತವರಿನ ಹೆಸರುಗಳಿಗೆ ಬಂದಾಗ, ತಾಯಿ, ತಂದೆ ಆದ ಮೇಲೆ, ಒಂದು ಉಸಿರಿನಷ್ಟು ನಿಲ್ಲುತ್ತಾಳೆ. ಆಮೇಲೆ ನನ್ನ ಹೆಸರಿಗೆ ಬರುತ್ತಾಳೆ. ಅಲ್ಲಿ ಯಾವ ಹೆಸರಿರಬೇಕಿತ್ತೋ ಅದನ್ನು ನಲವತ್ತೊಂದು ವರ್ಷದಿಂದ ಪ್ರತಿ ಸಂಜೆ ಬಾಯೊಳಗೇ ಹಿಡಿದಿದ್ದಾಳೆ.

ಅಂದು ಆ ಉಸಿರು ನನಗೆ ಕೇಳಿಸಿತು. ನಿತ್ಯವೂ ಇದ್ದದ್ದೇ, ಆದರೆ ಅಂದು ಸಮಾಳ ಮೂರು ಸುತ್ತಿಗೆ ನಿಂತ ಹಾಗೆ ಕೇಳಿಸಿತು. ದೇವರ ಮುಂದೆ ಅಕ್ಕ ತಮ್ಮ ಇಬ್ಬರೂ ಕಾಯುತ್ತಿದ್ದಾರೆ, ಇಬ್ಬರಿಗೂ ಮುಂದಿನ ಸಾಲು ಬರುತ್ತಿಲ್ಲ. ನಾನು ಆ ಸಾಲನ್ನು ಕೈಯಲ್ಲಿ ಇಟ್ಟುಕೊಂಡು ಸುಮ್ಮನಿದ್ದೇನೆ.

"ಅಮ್ಮ, ಒಂದು ಕೇಳ್ಸ್ತೀನಿ," ಎಂದೆ. ಸುಶ್ಮಿತಾ ಬಾಗಿಲಲ್ಲಿ ನಿಂತವಳು ಬೇಡವೆಂದು ತಲೆಯಾಡಿಸಿದಳು. ನಾನು ಒತ್ತಿಬಿಟ್ಟೆ.

ಓಲಗ ಕೇಳಿ ಅಮ್ಮ ನಕ್ಕಳು. "ಯಾರ ಮನೆದೇ ಇದು?" 'ಜಯಾ, ಕರ್ಪೂರ ತಗೊಂಬಾರೇ' ಬಂದಾಗ ನಗು ನಿಂತಿತು. ಅಪ್ಪನ ಕಂಠ ಬಂದಾಗ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಮಗುವಿನ ಅಳು ಬಂದಾಗ ಅವಳ ಎಡಗೈ ತಾನಾಗಿ ಮಡಿಲಿನ ಮೇಲೆ ಬಂತು, ಅಂಗೈ ಮೇಲಾಗಿ, ತಲೆಯೊಂದನ್ನು ಹಿಡಿಯುವ ಹಾಗೆ ಬಾಗಿ. ನನಗೆ ಅದುವರೆಗೂ ಹೊಳೆದಿರಲಿಲ್ಲ. ವೀರೇಂದ್ರನ ಒಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಪ್ರಪಂಚದಲ್ಲಿ ಅವನದೆಂದು ಉಳಿದದ್ದು ಆ ಅಳು ಒಂದೇ.

ಪಿಸುದನಿ ಮುಗಿಯಿತು. ಮಾವನ ಮಾತು ಮುಗಿಯಿತು. ಗದ್ದಲ ಎದ್ದು ಟೇಪು ಕಟ್ಟೆಂದಿತು.

ಅಮ್ಮ ದೀಪವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು. ಆ ಕಣ್ಣನ್ನು ನಾನು ಈಗಲೂ ಎದುರಿಸಲಾರೆ.

"ಹಂಗಾದ್ರೆ ನನ್ನ ಕೂಸು ಯಾರಿಂದ ಹೋಯ್ತೇ?"

"ಜ್ವರದಿಂದ ಅಮ್ಮ."

ಅಷ್ಟು ಸಣ್ಣ ಮಾತನ್ನು ನಮ್ಮ ಮನೆಯಲ್ಲಿ ಒಬ್ಬರೂ ಆಡಿರಲಿಲ್ಲ. ಅಮ್ಮ ಅದನ್ನು ಬಾಯೊಳಗೆ ಹೇಳಿಕೊಂಡಳು. ಜ್ವರದಿಂದ. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದೂ ಅದೇ ಅಲ್ಲವಾ ಎಂದಳು. ಹೌದೆಂದೆ. ಹಣೆ ಕಾದ ಹೆಂಚಿನ ಹಾಗಿತ್ತು ಎಂದಳು. ಸುಶ್ಮಿತಾ ಬಂದು ಅಜ್ಜಿಯ ಕಾಲ ಬಳಿ ಕೂತಳು. ಅಮ್ಮ ಅಳಲಿಲ್ಲ.

"ಇನ್ನೊಂದ್ಸಲ ಹಾಕು. ಕೂಸು ಅಳೋದು ಮಾತ್ರ," ಎಂದಳು.

ನಾಲ್ಕು ಸಲ ಹಾಕಿದೆ.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಸೀರೆಯುಟ್ಟು ಚೀಲ ಹಿಡಿದು ಜಗಲಿಯಲ್ಲಿ ಕೂತಿದ್ದಳು. "ಜನ್ನಾಪುರಕ್ಕೆ ಬಸ್ಸು ಎಷ್ಟೊತ್ತಿಗೆ?" ಎಂದಳು. ಮೂವರೂ ಹೊರಟೆವು. ದಾರಿಯಲ್ಲಿ ಸುಶ್ಮಿತಾ ಅಳುಕುತ್ತಲೇ ಕೇಳಿದಳು, "ಅಜ್ಜಿ, ಆ ಬ್ಯಾಂಡಿನ ಕಥೆ ನಾನು ಹೇಳ್ಲಾ, ಬಿಟ್ಬಿಡ್ಲಾ?"

"ಬ್ಯಾಂಡಿನೋರ ಕಥೆ ಹೇಳು. ಅವರೇನು ಮಾಡಿದಾರೆ ಪಾಪ. ನಿಮ್ಮಜ್ಜನ ಮಾತು ನಿನ್ನ ಹತ್ರಾನೇ ಇರ್ಲಿ." ಕಿಟಕಿಯಾಚೆ ನೋಡುತ್ತ, "ಆ ಅಳು ಬರುತ್ತಲ್ಲ, ಆ ಕೂಸಿಗೊಂದು ಹೆಸರಿತ್ತು ಅಂತ ಹೇಳು. ವೀರೇಂದ್ರ ಅಂತ," ಎಂದಳು.

ಅಂಗಡಿಯಲ್ಲಿ ಗಿರಾಕಿಯೊಬ್ಬ ಆಧಾರ್ ಕಾರ್ಡು ಹಿಡಿದು ನಿಂತಿದ್ದ. ಮಾವ ಅದನ್ನು ಯಂತ್ರದ ಗಾಜಿನ ಮೇಲೆ ಇಡುತ್ತಿದ್ದವರು ಮೆಟ್ಟಿಲ ಮೇಲೆ ಕಾಲಿಡುತ್ತಿದ್ದ ಅಕ್ಕನನ್ನು ಕಂಡರು. ಕಾರ್ಡು ಕೈಯಿಂದ ಜಾರಿತು. ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು, ಗೋಡೆಗೆ ಆತು ನಿಂತರು.

"ಕತ್ತೆ," ಎಂದಳು ಅಮ್ಮ. "ನಲವತ್ತೊಂದು ವರ್ಷ ನನ್ನ ಶಾಪ ತಿಂದ್ಯಲ್ಲೋ. ಹೊಟ್ಟೆ ತುಂಬ್ತಾ?"

"ಅಕ್ಕ... ಕೂತ್ಕೋ ಅಕ್ಕ."

"ಕೂರೋದು ಆಮೇಲೆ. ಬಾರ್ಸು."

"ಏನು ಬಾರ್ಸೋದು?"

"ಎಲ್ಲಿ ನಿಲ್ಸಿದ್ಯೋ ಅಲ್ಲಿಂದ."

"ಸಮಾಳ ಗುಡೀಲಿದೆ ಅಕ್ಕ. ನಾನು ಮುಟ್ಟಂಗಿಲ್ಲ."

ಅಮ್ಮ ಸುತ್ತ ನೋಡಿದಳು. ಮೇಜಿನ ಮೇಲೆ ಬಿಚ್ಚದ ಕಾಗದದ ಕಟ್ಟೊಂದಿತ್ತು, ಪಕ್ಕದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆ. ಎರಡನ್ನೂ ಜೋಡಿಸಿ ತಮ್ಮನ ಮುಂದೆ ನೂಕಿದಳು. "ಇದನ್ನ ಮುಟ್ಬೇಡ ಅಂತ ಯಾರೂ ಹೇಳಿಲ್ವಲ್ಲ."

ಮಾವ ಎರಡು ಕೈಗಳನ್ನೂ ನೋಡಿಕೊಂಡರು. ಮೆಲ್ಲಗೆ ಇಟ್ಟರು. ಕಾಗದ ಗುಮ್ಮೆಂದಿತು, ರಟ್ಟು ಚಟ್ಟೆಂದಿತು. ಮೊದಲ ಸುತ್ತು ತಡವರಿಸಿತು. ಎರಡನೆಯದು ದಾರಿ ಹಿಡಿಯಿತು. ಮೂರಕ್ಕೆ ಬಂದಾಗ ಅವರ ಕಣ್ಣು ತಾನಾಗಿ ಪಕ್ಕಕ್ಕೆ ಹೊರಳಿತು, ಅಲ್ಲಿ ಭಾವ ಇರುವ ಹಾಗೆ, ಮತ್ತೆ ಕಾಯಬೇಕಾದೀತೆಂಬ ಹಳೆಯ ಹೆದರಿಕೆಯಲ್ಲಿ.

ಆಗ ಅಮ್ಮ ಬಾಯಿ ತೆರೆದಳು.

"ಎದ್ದವನೇ ಕೈಮುಗಿದು, ಅಪ್ಪಾ, ಏನಪ್ಪಣೆ ಎಂದನಯ್ಯಾ!"

ಒಡಪನ್ನು ಹೆಂಗಸರು ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಆದರೆ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಅಪ್ಪ ಬೆಳಿಗ್ಗೆ ಬೆಳಿಗ್ಗೆ ಸಾಧನೆ ಮಾಡುವಾಗ ಹತ್ತು ವರ್ಷ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದವಳು ಇವಳೇ. ಅಪ್ಪ ಮರೆತು ನಿಂತ ಸಾಲು ಹತ್ತು ಮಾರು ದೂರದಲ್ಲಿ, ಕೂಸನ್ನೆತ್ತಿಕೊಂಡು ನಿಂತಿದ್ದ ಹೆಂಡತಿಯ ಬಾಯಲ್ಲಿತ್ತು. ಅವಳು ಹೇಳುವ ಹಾಗಿರಲಿಲ್ಲ, ಅವನು ಕೇಳುವ ಹಾಗಿರಲಿಲ್ಲ.

ಮಾವನ ಮುಖದ ಮೇಲೆ ನೀರಿಳಿಯುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಗಿರಾಕಿ ತನ್ನ ಆಧಾರ್ ಕಾರ್ಡನ್ನು ತಾನೇ ನೆಲದಿಂದ ಎತ್ತಿಕೊಂಡು, ಏನೆಂದು ತಿಳಿಯದಿದ್ದರೂ ಚಪ್ಪಲಿ ಬಿಟ್ಟು ನಿಂತ.

ಒಂದು, ಎರಡು, ಮೂರು. ಮೂರು ಸುತ್ತು ಮುಗಿಸಿ ಮಾವ ಕೈ ಎತ್ತಿದರು. ಅಮ್ಮ ಮುಂದಿನ ಸಾಲನ್ನು ಎತ್ತಿಕೊಂಡಳು.